ಕ್ರೂಪ್‌ಗೆ ಹಿಂದೆ ಕತ್ತು ಕೊಯ್ಯುತ್ತಿದ್ದರಂತೆ, ನಿಜಾನಾ ಡಾಕ್ಟರೇ?

ಸವಿತಾ: ಎರಡು ವರ್ಷದ ಮಗನಿಗೆ ಕ್ರೂಪ್ (ಗಂಟಲೊಳಗಿನ ಉಸಿರುದಾರಿ ಊದಿಕೊಳ್ಳುವ ಕಾಯಿಲೆ) ಅಂದರು. ರಾತ್ರಿ ನಾಯಿ ಬೊಗಳಿದ ಹಾಗೆ ಕೆಮ್ಮು, ಅತ್ತರೆ ಉಸಿರೆಳೆಯುವಾಗ ಕೀಂ ಅನ್ನುವ ಸದ್ದು. ಒಂದೇ ಡೋಸ್ ಡೆಕ್ಸಾಮೆಥಾಸೋನ್ ಕೊಟ್ಟು ಮನೆಗೆ ಕಳಿಸಿದರು. ಹಳೇ ಕಾಲದ ಕಥೆ ಓದಿ ನಿದ್ದೆನೇ ಇಲ್ಲ.

ಡಾಕ್ಟರ್: ಉಸಿರಾಡಲು ದಾರಿ ಮಾಡೋಕೆ ಕತ್ತಿನಲ್ಲಿ ಕೊಯ್ಯುತ್ತಿದ್ದದ್ದು ನಿಜ, ಆದರೆ ಹೆಚ್ಚಾಗಿ ಬೇರೆ ಕಾಯಿಲೆಗೆ. 1765ರಲ್ಲಿ ಎಡಿನ್‌ಬರೋದ ವೈದ್ಯ ಫ್ರಾನ್ಸಿಸ್ ಹೋಮ್ ಕ್ರೂಪ್ ಬಗ್ಗೆ ಬರೆದಾಗ ಗಂಟಲಮಾರಿಯೂ ಅದರಲ್ಲೇ ಸೇರಿಹೋಗಿತ್ತು, ಅಂದರೆ ಡಿಫ್ತೀರಿಯಾ. ಅದರಲ್ಲಿ ಬೂದು ಬಣ್ಣದ ಗಟ್ಟಿ ಪೊರೆ ಉಸಿರುದಾರಿಗೇ ಅಂಟಿಕೊಳ್ಳುತ್ತೆ. ಫ್ರಾನ್ಸಿನ ವೈದ್ಯ ಬ್ರೆಟೊನೊ 1825ರಲ್ಲಿ ಕತ್ತು ಕೊಯ್ದು ಒಬ್ಬ ಹುಡುಗಿಯನ್ನು ಉಳಿಸಿದ, ಮರುವರ್ಷ ಡಿಫ್ತೀರಿಯಾಗೆ ಆ ಹೆಸರಿಟ್ಟ. 1885ರ ಹೊತ್ತಿಗೆ ನ್ಯೂಯಾರ್ಕಿನ ವೈದ್ಯ ಓಡ್ವೈಯರ್ ಕೊಯ್ಯದೆ ಬಾಯಿಂದಲೇ ಕೊಳವೆ ಇಳಿಸಿದ. 1894ರಲ್ಲಿ ಪ್ಯಾರಿಸ್‌ನಲ್ಲಿ ಎಮಿಲ್ ರೂ ಎಂಬ ವೈದ್ಯ ಕುದುರೆ ರಕ್ತದಿಂದ ತೆಗೆದ ವಿಷಹಾರಿ ಸೀರಂ ಕೊಟ್ಟ ಮೇಲೆ ಸಾವು ಇಳಿಯಿತು. ನಿಮ್ಮ ಮಗನದ್ದು ವೈರಸ್, ಸಾಮಾನ್ಯವಾಗಿ ಪ್ಯಾರಾಇನ್‌ಫ್ಲುಯೆಂಜಾ. ಪೊರೆ ಇಲ್ಲ, ಬರೀ ಬಾವು. ಆ ಔಷಧಿ ಅದನ್ನೇ ಇಳಿಸುತ್ತೆ. ಸುಮ್ನೆ ಕೂತಾಗಲೂ ಸದ್ದು ಬಂದರೆ, ಪಕ್ಕೆ ಒಳಗೆ ಸೆಳೆದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಮಂಜು: ಫಾರ್ವರ್ಡ್ ಬಂದಿದೆ: ಕುದಿಯುವ ನೀರಿನ ಹಬೆ ಹಿಡಿಸಿ, ಬೆರಳು ಹಾಕಿ ಕಫ ತೆಗೆಯಿರಿ.

ಡಾಕ್ಟರ್: ದಯವಿಟ್ಟು ಅಳಿಸಿ. ಆಸ್ಪತ್ರೆಗಳೇ ವರ್ಷಗಟ್ಟಲೆ ಹಾಸಿಗೆ ಸುತ್ತ ತೇವದ ಗಾಳಿ ತುಂಬಿದ ಟೆಂಟ್ ಹಾಕಿದವು, ಪರೀಕ್ಷೆ ಮಾಡಿದಾಗ ಲಾಭ ಕಾಣಲಿಲ್ಲ, ಬಿಟ್ಟವು. ಕುದಿಯುವ ನೀರಿಂದ ಮಕ್ಕಳು ಸುಟ್ಟುಕೊಳ್ಳುವುದೊಂದೇ ಗ್ಯಾರಂಟಿ.

ಲತಾ: ಇದು ನಾಯಿಕೆಮ್ಮಾ?

ಡಾಕ್ಟರ್: ಅಲ್ಲ.

ಗಿರೀಶ್: ದೊಡ್ಡವರಿಗೂ ಬರುತ್ತಾ?

ಪ್ರಕಾಶ್: ನನ್ನ ಮಗಳಿಗೆ ನಾಲ್ಕು ವರ್ಷ. ಬೆಳಗ್ಗೆಯಿಂದ ಜ್ವರ ಜಾಸ್ತಿ. ಕೆಮ್ಮಿಲ್ಲ. ಜೊಲ್ಲು ಸುರಿಯುತ್ತಿದೆ, ಮುಂದಕ್ಕೆ ಬಾಗಿಯೇ ಕೂತಿದ್ದಾಳೆ. ಹಬೆ ಕೊಡಲಾ?

ಡಾಕ್ಟರ್: ಏನೂ ಕೊಡಬೇಡಿ. ಇದು ಕ್ರೂಪ್ ಥರ ಇಲ್ಲ. ಕಿರುನಾಲಿಗೆಯಲ್ಲ, ಉಸಿರುನಾಳದ ಮುಚ್ಚಳವೇ ಊದಿರಬಹುದು. ಬಾಯಿ ತೆರೆಸಿ ನೋಡಬೇಡಿ, ಮಲಗಿಸಬೇಡಿ, ಅಳುವ ಹಾಗೆ ಮಾಡಬೇಡಿ. ಹೇಗೆ ಕೂತಿದ್ದಾಳೋ ಹಾಗೇ ಎತ್ತಿಕೊಂಡು ಎಮರ್ಜೆನ್ಸಿಗೆ ಹೊರಡಿ, ಈಗಲೇ. ಹಿಬ್ (ಈ ಊತ ತರುವ ಒಂದು ಬ್ಯಾಕ್ಟೀರಿಯಾ) ಲಸಿಕೆ ಆಗಿದೆಯಾ ಅಂತ ಅಲ್ಲಿ ಹೇಳಿ. ಆ ಲಸಿಕೆ ಬಂದ ಮೇಲೆ ಇದು ತುಂಬಾ ಕಡಿಮೆಯಾಗಿದೆ, ಹಾಗಂತ ಇಲ್ಲವೇ ಇಲ್ಲ ಅಂತಲ್ಲ.

ರವಿ: ಲಸಿಕೆ ಜಾಹೀರಾತು ಶುರು. 1901ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಇದೇ ಡಿಫ್ತೀರಿಯಾ ಸೀರಂನಿಂದ 13 ಮಕ್ಕಳು ಸತ್ತರು, ಅದನ್ನೂ ಹೇಳಿ.

ಸಂಧ್ಯಾ: ಪೂರ್ತಿ ಹೇಳಿ ಮತ್ತೆ. ಸೀರಂ ತೆಗೆದ ಆ ಕುದುರೆಗೆ ಧನುರ್ವಾಯು ಇತ್ತು. ಮರುವರ್ಷವೇ ಅಮೆರಿಕ ಸೀರಂ, ಲಸಿಕೆಗಳ ತಪಾಸಣೆಗೆ ಕಾನೂನು ತಂತು. ಅರ್ಧ ಕಥೆ ಹೇಳೋಕೆ ನಾಚಿಕೆ ಆಗಲ್ವಾ?

ರವಿ: ನೀವೇನು ಡಾಕ್ಟರಾ?

ಡಾಕ್ಟರ್: ಇಬ್ಬರೂ ಬೇರೆ ಕಡೆ ಜಗಳ ಆಡಿ. ಪ್ರಕಾಶ್, ಹೊರಟಿರಾ?

ಲತಾ: ಆ್ಯಂಟಿಬಯೋಟಿಕ್ ಬೇಡ್ವಾ ಡಾಕ್ಟರೇ?

ಡಾಕ್ಟರ್: ಕ್ರೂಪ್ ವೈರಸ್ ಅಂದೆನಲ್ಲ. ಮೇಲೆ ಓದಿ.

ಪ್ರಕಾಶ್: ಕಾರಿನಲ್ಲಿದ್ದೇವೆ, ತಾಯಿ ಮಡಿಲಲ್ಲಿ ಕೂರಿಸಿಕೊಂಡಿದ್ದಾಳೆ.

ಮಂಜು: ಇನ್ನೊಂದು ಫಾರ್ವರ್ಡ್ ಇದೆ, ಹಾಕಲಾ?