ಕೈಗಾ ವಿಷಯ ಇಟ್ಟುಕೊಂಡು ಸ್ಟ್ಯಾನ್‌ಫರ್ಡ್‌ನ ಸಿಸ್ಯಾಕ್‌ಗೆ ಅರ್ಜಿ ಹಾಕೋದು ಹೇಗೆ?

ಮಲ್ಲಾಪುರ ಫಿಸಿಕ್ಸ್:
ಭೌತಶಾಸ್ತ್ರ ಎಂ.ಎಸ್ಸಿ. ಆಗಿದೆ. ಸ್ಟ್ಯಾನ್‌ಫರ್ಡ್‌ನ ಅಂತರರಾಷ್ಟ್ರೀಯ ಭದ್ರತೆ ಮತ್ತು ಸಹಕಾರ ಕೇಂದ್ರದ (ಸಿಸ್ಯಾಕ್) ಫೆಲೋಶಿಪ್‌ಗೆ ನೇರವಾಗಿ ಅರ್ಜಿ ಹಾಕಬಹುದಾ? ವಿಜ್ಞಾನದವರನ್ನು ತಗೋತಾರಾ? ಅಂದುಕೊಂಡಿರುವ ವಿಷಯ ‘ಕೈಗಾ ಮತ್ತು ಭಾರತದ ಪರಮಾಣು ನೀತಿ’.

ಕಾಳಿ ದಂಡೆ:
ವಿಜ್ಞಾನದವರು ಧಾರಾಳವಾಗಿ ಇದ್ದಾರೆ. 1983ರಲ್ಲಿ ಶುರುವಾದಾಗಲೇ ಭೌತವಿಜ್ಞಾನಿ ಸಿಡ್ನಿ ಡ್ರೆಲ್, ಚೀನಾ ತಜ್ಞ ಜಾನ್ ಲೂಯಿಸ್ ಇಬ್ಬರೂ ಸಹನಿರ್ದೇಶಕರು. ಒಬ್ಬರು ವಿಜ್ಞಾನದ ಕಡೆಯವರು, ಒಬ್ಬರು ಸಮಾಜವಿಜ್ಞಾನದವರು ಅನ್ನೋದು ಅಲ್ಲಿನ ಪದ್ಧತಿ. 2010ರ ನವೆಂಬರಿನಲ್ಲಿ ಉತ್ತರ ಕೊರಿಯಾದ ಅಣುಕೇಂದ್ರ ಯೋಂಗ್‌ಬ್ಯೋನ್‌ಗೆ ಹೋಗಿ ಯುರೇನಿಯಂ ಸಂವರ್ಧಿಸೋ ಸುಮಾರು 2000 ಸೆಂಟ್ರಿಫ್ಯೂಜ್ ಯಂತ್ರ ಕಣ್ಣಾರೆ ಕಂಡು ಬಂದ ಸಿಸ್ಯಾಕ್‌ನ ಸೀಗ್‌ಫ್ರೀಡ್ ಹೆಕರ್ ಕೂಡ ಲೋಹವಿಜ್ಞಾನಿ.

ಆದರೆ ಎಂ.ಎಸ್ಸಿ. ಮೇಲೆ ನೇರ ಅರ್ಜಿ ನಡೆಯೋದಿಲ್ಲ. ಅಲ್ಲಿನ ಪ್ರಿಡಾಕ್ಟರಲ್ (ಪಿಎಚ್.ಡಿ. ಮುಗಿಯೋ ಮುಂಚಿನ) ಫೆಲೋಶಿಪ್‌ಗೆ ಪಿಎಚ್.ಡಿ. ಪ್ರಬಂಧ ಬರೆಯೋ ಹಂತಕ್ಕೆ ಬಂದಿರಬೇಕು. ಮೊದಲು ನೆಟ್ ಬರೆದು ಜೆಎನ್‌ಯು ಅಥವಾ ಬೆಂಗಳೂರಿನ ಸಂಶೋಧನಾ ಸಂಸ್ಥೆ ನಿಯಾಸ್ ಕಡೆ ನೋಡಿ. ಇಲ್ಲಿ ಪಿಎಚ್.ಡಿ. ನೋಂದಣಿಯಾದ ಮೇಲೆ ಫುಲ್‌ಬ್ರೈಟ್-ನೆಹರು ಡಾಕ್ಟರಲ್ ಫೆಲೋಶಿಪ್‌ನಲ್ಲಿ 6ರಿಂದ 9 ತಿಂಗಳು ಅಮೆರಿಕದಲ್ಲಿ ಇದ್ದು ಬರಬಹುದು.

ಅಣಶಿ ಘಟ್ಟ:
‘ಕೈಗಾ ಮತ್ತು ಪರಮಾಣು ನೀತಿ’ ಅನ್ನೋ ವಿಷಯ ಬಿಡಿ, ಮೊದಲ ಸುತ್ತಿನಲ್ಲೇ ಬದಿಗೆ ಹೋಗುತ್ತೆ. ತೀರಾ ಅಗಲ.

ನಿಮ್ಮ ಫಿಸಿಕ್ಸ್ ಕೆಲಸಕ್ಕೆ ಬರೋ ಜಾಗ ಬೇರೆ ಇದೆ. ನಾಗರಿಕ, ಸೇನಾ ಅಣು ಸ್ಥಾವರಗಳನ್ನು ಬೇರೆ ಮಾಡಿದ ಭಾರತದ 2006ರ ವಿಭಜನಾ ಯೋಜನೆಯಲ್ಲಿ 22 ರಿಯಾಕ್ಟರ್‌ಗಳ ಪೈಕಿ 14 ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ (ಐಎಇಎ) ತಪಾಸಣೆಗೆ ಬಂದವು. ಹೊರಗುಳಿದ 8ರಲ್ಲಿ 4 ಕೈಗಾದವೇ. ಲೈಟ್ ವಾಟರ್ (ಸಾದಾ ನೀರಿನ) ರಿಯಾಕ್ಟರ್ ಆದರೆ ನಿಲ್ಲಿಸಿ, ಮುಚ್ಚಳ ತೆಗೆದೇ ಇಂಧನ ಬದಲಿಸಬೇಕು; ಇನ್‌ಸ್ಪೆಕ್ಟರ್ ಆ ಹೊತ್ತಿಗೆ ಬಂದು ಲೆಕ್ಕ ಹಿಡಿಯಬಹುದು. ಕೈಗಾದ 220 ಮೆಗಾವಾಟ್ ಭಾರಜಲ ರಿಯಾಕ್ಟರಿನಲ್ಲಿ 306 ಚಾನೆಲ್ (ಇಂಧನದ ಕೊಳವೆ), ಒಂದೊಂದರಲ್ಲಿ 12 ಬಂಡಲ್ (ಇಂಧನ ಸರಳುಗಳ ಕಟ್ಟು), ಒಟ್ಟು 3672. ಓಡುತ್ತಿರುವಾಗಲೇ ಒಂದು ತುದಿಯಿಂದ ಹೊಸದು ತಳ್ಳಿ ಇನ್ನೊಂದು ತುದಿಯಿಂದ ಹಳೆಯದು ತೆಗೀತಾರೆ. 1ನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಲು ಸಾಧ್ಯವಾದದ್ದೂ ಹೀಗೆ. ನಿಲ್ಲಿಸೋ ಹೊತ್ತು ಅಂತ ಇಲ್ಲದ ಕಾರಣ ಇನ್‌ಸ್ಪೆಕ್ಟರ್ ಒಮ್ಮೆ ಬಂದು ಲೆಕ್ಕ ಹಿಡಿಯೋಕಾಗಲ್ಲ; ತಪಾಸಣೆ ಇರುವ ಇಂಥ ರಿಯಾಕ್ಟರ್‌ಗಳಲ್ಲಿ ಬಂಡಲ್ ಕೌಂಟರ್, ಕ್ಯಾಮೆರಾ ಕೂರಿಸೋದು ಅದಕ್ಕೇ.

ಇದರ ಪಕ್ಕಕ್ಕೆ 1988ರ ಭಾರತ-ಪಾಕ್ ಒಪ್ಪಂದ ಇಡಿ. ಪರಸ್ಪರ ಅಣು ಸ್ಥಾವರಗಳ ಮೇಲೆ ದಾಳಿ ಮಾಡಬಾರದು ಅನ್ನೋದು ಅದು. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಕೊಟ್ಟು ತಗೋತಾರೆ, ಪರಿಶೀಲನೆಯ ಕಲಮು ಇಲ್ಲ. ತಪಾಸಣೆ ಇಲ್ಲದ ರಿಯಾಕ್ಟರ್ ಬಗ್ಗೆ ನೆರೆಯವರಿಗೆ ಎಷ್ಟು ತೋರಿಸಿದರೆ ನಂಬಿಕೆ ಹುಟ್ಟುತ್ತೆ? ಪ್ರಶ್ನೆ ಇಷ್ಟು ಚಿಕ್ಕದಿರಲಿ.

ಮಲ್ಲಾಪುರ ಫಿಸಿಕ್ಸ್:
1994ರಲ್ಲಿ ಕಟ್ಟುತ್ತಿದ್ದಾಗಲೇ ಕೈಗಾ ಸ್ಥಾವರದ ಗುಮ್ಮಟ ಕುಸಿದದ್ದನ್ನು ಸೇರಿಸಬಹುದಾ? ಸ್ಥಾವರದಲ್ಲಿ ಕೆಲಸ ಮಾಡುವ ಪರಿಚಯದವರನ್ನು ಮಾತಾಡಿಸಿದರೆ?

ಅಣಶಿ ಘಟ್ಟ:
ಗುಮ್ಮಟ ಕಟ್ಟಡ ಸುರಕ್ಷತೆಯ ಕಥೆ, ಈ ಪ್ರಶ್ನೆಗೆ ಹೊಂದೋದಿಲ್ಲ. ನಮ್ಮ ಜಿಲ್ಲೆಯವರಿಗೆ ಅದನ್ನು ಬಿಡೋದು ಕಷ್ಟ, ಗೊತ್ತು.

ಪರಿಚಯದವರ ಮಾತು ಬೇಡವೇ ಬೇಡ. ಪರಮಾಣು ಶಕ್ತಿ ಕಾನೂನು ಮಾಹಿತಿ ಹೊರಬಿಡೋದನ್ನು ನಿರ್ಬಂಧಿಸುತ್ತೆ. ಸಿಕ್ಕಿಬೀಳೋದು ನೀವೊಬ್ಬರೇ ಅಲ್ಲ, ಅವರ ನೌಕರಿಗೂ ಕುತ್ತು. ಸಂಸತ್ತಿನ ಪ್ರಶ್ನೋತ್ತರ, ಕೈಗಾ ನಡೆಸುವ ಸರ್ಕಾರಿ ಕಂಪನಿ ಎನ್‌ಪಿಸಿಐಎಲ್‌ನ ವಾರ್ಷಿಕ ವರದಿ, ಐಎಇಎ ದಾಖಲೆ ಇಷ್ಟರಲ್ಲೇ ಪ್ರಬಂಧ ನಿಲ್ಲುತ್ತೆ.