ಅಪ್‌ಡೇಟ್: ಪ್ರೋಟಾನ್‌ನಲ್ಲಿ ತೆರೆಯದಿದ್ದ ಗೇಮ್ ಈಗ ಓಡುತ್ತಿದೆ

ಪ್ರೋಟಾನ್ ಅಂದರೆ ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸಲು ಗೇಮ್ ಮಾರಾಟ ತಾಣ ಸ್ಟೀಮ್ ಕೊಡುವ ಸಾಧನ. ಪ್ರಶ್ನೆ ಇದಾಗಿತ್ತು: ವಿಂಡೋಸ್ ಜೊತೆ ಹಂಚಿಕೊಂಡ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಫೈಲ್ ವ್ಯವಸ್ಥೆ) ಪಾರ್ಟಿಶನ್‌ನಲ್ಲಿರುವ ಗೇಮ್‌ಗೆ ಲಿನಕ್ಸ್ ಸ್ಟೀಮ್‌ನಲ್ಲಿ ‘ಪ್ಲೇ’ ಒತ್ತಿದರೆ ಬಟನ್ ಕ್ಷಣಕಾಲ ‘ಸ್ಟಾಪ್’ ಆಗಿ ಮತ್ತೆ ‘ಪ್ಲೇ’ಗೇ ಮರಳುತ್ತಿತ್ತು. ಎರರ್ ಸಂದೇಶವೇ ಇಲ್ಲ.

ಇದಕ್ಕೆ ಗ್ರಾಫಿಕ್ಸ್ ಡ್ರೈವರ್ ಕಾರಣವಿರಬಹುದು ಎಂಬ ಅನುಮಾನ ತಪ್ಪು. ಪ್ರೋಟಾನ್ ಪ್ರತಿ ಗೇಮ್‌ಗೂ ‘ಕಂಪ್ಯಾಟ್‌ಡೇಟಾ’ ಫೋಲ್ಡರ್‌ನಲ್ಲಿ ಒಂದು ಪುಟ್ಟ ವಿಂಡೋಸ್ ಪರಿಸರ ಕಟ್ಟುತ್ತದೆ. ಅದರೊಳಗೆ ‘ಸಿ:’ ಡ್ರೈವ್ ಹೆಸರಿನದೇ ಒಂದು ಸಿಂಬಾಲಿಕ್ ಲಿಂಕ್ (ಬೇರೆ ಫೋಲ್ಡರ್‌ಗೆ ದಾರಿ ತೋರುವ ಕೊಂಡಿ) ಇರಲೇಬೇಕು. ಕೋಲನ್ ಇರುವ ಫೈಲ್ ಹೆಸರನ್ನು ವಿಂಡೋಸ್ ಒಪ್ಪುವುದಿಲ್ಲ. ಪಾರ್ಟಿಶನ್ ಲಿನಕ್ಸ್‌ನಲ್ಲಿ ಅದೇ ನಿಯಮದಲ್ಲಿ ಮೌಂಟ್ ಆಗಿದ್ದರೆ (ಜೋಡಣೆಯಾಗಿದ್ದರೆ) ಲಿಂಕ್ ಹುಟ್ಟುವುದೇ ಇಲ್ಲ, ಗೇಮ್ ಅಲ್ಲೇ ನಿಲ್ಲುತ್ತದೆ.

ಪರಿಹಾರ: ಲಿನಕ್ಸ್‌ನದೇ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4 ಪಾರ್ಟಿಶನ್‌ನಲ್ಲಿ ಹೊಸ ಲೈಬ್ರರಿ (ಸ್ಟೀಮ್ ಗೇಮ್‌ಗಳನ್ನಿಡುವ ಫೋಲ್ಡರ್). ಸ್ಟೀಮ್ ಸೆಟ್ಟಿಂಗ್ಸ್‌ನ ‘ಸ್ಟೋರೇಜ್’ನಲ್ಲಿ ಅದನ್ನು ಸೇರಿಸಿ, ಗೇಮ್‌ನ ಪ್ರಾಪರ್ಟೀಸ್‌ನಿಂದ ಅಲ್ಲಿಗೆ ಮೂವ್ ಮಾಡಿದರೆ ಸಾಕು, ಮತ್ತೆ ಡೌನ್‌ಲೋಡ್ ಬೇಡ. ಹಳೆಯ ಕಂಪ್ಯಾಟ್‌ಡೇಟಾ ಅಳಿಸುವ ಮುನ್ನ ದಯವಿಟ್ಟು ಅದರೊಳಗಿನ ‘ಸ್ಟೀಮ್‌ಯೂಸರ್’ ಫೋಲ್ಡರ್ ನೋಡಿ. ಕ್ಲೌಡ್ ಸೇವ್ ಇಲ್ಲದ ಎಷ್ಟೋ ಗೇಮ್‌ಗಳ ಸೇವ್ ಫೈಲ್ ಇರುವುದು ಅಲ್ಲೇ, ಅಳಿಸಿದರೆ ಹೋಯಿತು.

ಎರಡನೆಯ ಪ್ರಶ್ನೆ, ಅಂದರೆ ಕೆಲವು ಆನ್‌ಲೈನ್ ಗೇಮ್‌ಗಳು ಪ್ರೋಟಾನ್‌ನಲ್ಲಿ ಓಡದಿರುವುದು, ಇದಕ್ಕೆ ಮಾತ್ರ ನಮ್ಮ ಕೈಯಲ್ಲಿ ಪರಿಹಾರವಿಲ್ಲ. ಆನ್‌ಲೈನ್ ಗೇಮ್‌ಗಳಲ್ಲಿ ಮೋಸದಾಟ ತಡೆಯುವ ತಂತ್ರಾಂಶಗಳಾದ ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ಗೆ ಹೊಂದುತ್ತವೆ, ಆದರೆ ಗೇಮ್ ತಯಾರಕರೇ ಅದನ್ನು ಆನ್ ಮಾಡಬೇಕು. ಅವರು ಮಾಡದಿದ್ದರೆ ಪ್ರೋಟಾನ್ ಆವೃತ್ತಿ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಖರೀದಿಗೆ ಮುನ್ನವೇ ಇದನ್ನು ಖಚಿತಪಡಿಸಿಕೊಳ್ಳಿ.