ಐಬಿಸಿ ಕ್ಲೈಂಟ್ ಎಕ್ಸ್‌ಪೈರ್ ಆಗಿದೆ, ಟೈಮ್‌ಔಟ್ ಆದ ಟೋಕನ್ ವಾಪಸ್ ಬರುತ್ತಿಲ್ಲ

ಪ್ರಶ್ನೆ:
‘ಅ’, ‘ಬ’ ಎಂಬ ಎರಡು ಕಾಸ್ಮಾಸ್ ಎಸ್‌ಡಿಕೆ ಬ್ಲಾಕ್‌ಚೈನ್‌ಗಳು, ನಡುವೆ ಐಬಿಸಿ (ಚೈನ್‌ಗಳ ನಡುವಿನ ಸಂವಹನ ಪ್ರೋಟೋಕಾಲ್) ಮೆಸೇಜ್‌ಗಳನ್ನು ಒಯ್ಯುವ ಹರ್ಮಿಸ್ ರಿಲೇಯರ್. ಅನ್‌ಬಾಂಡಿಂಗ್ (ಸ್ಟೇಕ್ ಬಿಡಿಸಲು ಕಾಯುವ ಅವಧಿ) 21 ದಿನ, ಟ್ರಸ್ಟಿಂಗ್ ಪೀರಿಯಡ್ (ಅಪ್‌ಡೇಟ್ ಇಲ್ಲದೆ ಕ್ಲೈಂಟ್ ಬದುಕಿರುವ ಅವಧಿ) 14 ದಿನ. ರಿಲೇಯರ್ ನಿಂತಿದ್ದು ಗೊತ್ತಾಗುವಷ್ಟರಲ್ಲಿ ‘ಅ’ ಚೈನ್‌ನಲ್ಲಿರುವ ‘ಬ’ದ ಕ್ಲೈಂಟ್ (‘ಬ’ದ ಸ್ಥಿತಿಯನ್ನು ‘ಅ’ದಲ್ಲಿ ಪರಿಶೀಲಿಸುವ ಭಾಗ) ಎಕ್ಸ್‌ಪೈರ್ ಆಗಿತ್ತು. ಅದಕ್ಕೂ ಮುಂಚೆ ‘ಅ’ದಿಂದ ಕಳಿಸಿದ ಟ್ರಾನ್ಸ್‌ಫರ್‌ಗಳ 10 ನಿಮಿಷದ ಟೈಮ್‌ಔಟ್ ಯಾವಾಗಲೋ ಮುಗಿದಿದೆ. ಆದರೂ ರೀಫಂಡ್ ಯಾಕಿಲ್ಲ? ಹೊಸ ಚಾನಲ್ (ಟೋಕನ್ ಸಾಗುವ ದಾರಿ) ತೆರೆದರೆ ಸಾಕಾ?

ಉತ್ತರ 1:
ಹೊಸ ಚಾನಲ್ ಬೇಡವೇ ಬೇಡ. ಟೋಕನ್ನಿನ ಡಿನಾಮ್ (ಇನ್ನೊಂದು ಚೈನ್‌ನಲ್ಲಿ ಅದರ ಗುರುತಿನ ಹೆಸರು) ಹ್ಯಾಶ್‌ನಲ್ಲಿ ಚಾನಲ್ ಹೆಸರೂ ಸೇರಿರುತ್ತದೆ. ಹೊಸದರಲ್ಲಿ ಹೋದದ್ದು ಬೇರೆಯೇ ಟೋಕನ್ ಆಗುತ್ತದೆ, ಹಳೆಯದು ಹಳೆಯ ಎಸ್ಕ್ರೋದಲ್ಲೇ (ಕಳಿಸಿದ ಟೋಕನ್ ಹಿಡಿದಿಡುವ ಖಾತೆ) ಉಳಿಯುತ್ತದೆ.

ಅವಧಿ ಮುಗಿದ ಮಾತ್ರಕ್ಕೆ ರೀಫಂಡ್ ತಾನಾಗಿ ಆಗುವುದಿಲ್ಲ. ಪ್ಯಾಕೆಟ್ ‘ಬ’ಗೆ ತಲುಪಿಲ್ಲ ಎಂಬ ಪ್ರೂಫ್ ಅನ್ನು ರಿಲೇಯರ್ ‘ಅ’ಗೆ ಒಪ್ಪಿಸಬೇಕು. ಅದನ್ನು ಪರೀಕ್ಷಿಸುವುದು ಇದೇ ಕ್ಲೈಂಟ್. ಅದು ಸತ್ತಿರುವವರೆಗೆ ಟೈಮ್‌ಔಟ್ ಮೆಸೇಜ್ ಫೇಲ್ ಆಗುತ್ತಲೇ ಇರುತ್ತದೆ.

ದಾರಿ ಗವರ್ನೆನ್ಸ್ (ಚೈನ್‌ನ ವೋಟಿಂಗ್) ಒಂದೇ. ‘ಅ’ದಲ್ಲಿ ‘ಬ’ಗೆ ಹೊಸ ಕ್ಲೈಂಟ್ ಮಾಡಿ, ಸತ್ತದ್ದನ್ನು ಸಬ್ಜೆಕ್ಟ್, ಹೊಸದನ್ನು ಸಬ್‌ಸ್ಟಿಟ್ಯೂಟ್ ಎಂದು ತೋರಿಸಿ ರಿಕವರ್ ಕ್ಲೈಂಟ್ ಪ್ರೊಪೋಸಲ್ ಹಾಕಿ. ಟ್ರಸ್ಟಿಂಗ್ ಪೀರಿಯಡ್ ಬೇರೆ ಇದ್ದರೆ ನಡೆಯುತ್ತದೆ. ಟ್ರಸ್ಟ್ ಲೆವೆಲ್, ಅನ್‌ಬಾಂಡಿಂಗ್, ಅಪ್‌ಗ್ರೇಡ್ ಪಾತ್, ಪ್ರೂಫ್ ಸ್ಪೆಕ್, ಮ್ಯಾಕ್ಸ್ ಕ್ಲಾಕ್ ಡ್ರಿಫ್ಟ್ (ಗಡಿಯಾರ ವ್ಯತ್ಯಾಸದ ಮಿತಿ) ಎಂಬ ಸೆಟ್ಟಿಂಗ್‌ಗಳು ಮಾತ್ರ ಹೊಂದಲೇಬೇಕು. ಎಡವುವುದು ಕೊನೆಯದರಲ್ಲಿ: ನೀವು ಕೊಡದಿದ್ದರೆ ಹರ್ಮಿಸ್ ಅದನ್ನು ಕಾನ್ಫಿಗ್‌ನ ಕ್ಲಾಕ್ ಡ್ರಿಫ್ಟ್, ಮ್ಯಾಕ್ಸ್ ಬ್ಲಾಕ್ ಟೈಮ್‌ಗಳಿಂದ ಲೆಕ್ಕ ಹಾಕುತ್ತದೆ. ಹಳೆಯ ಕ್ಲೈಂಟ್ ಸ್ಟೇಟ್ ಕ್ವೆರಿ ಮಾಡಿ ಅದೇ ಸಂಖ್ಯೆಯನ್ನು ಕೈಯಾರೆ ಕೊಡಿ.

ಉತ್ತರ 2:
ಮೇಲಿನದಕ್ಕೆ ಸೇರಿಸುವುದಾದರೆ, ವೋಟಿಂಗ್ ನಡೆಯುವಷ್ಟು ದಿನವೂ ಸಬ್‌ಸ್ಟಿಟ್ಯೂಟ್ ಕ್ಲೈಂಟನ್ನು ಅಪ್‌ಡೇಟ್ ಮಾಡುತ್ತಿರಿ. ಪ್ರೊಪೋಸಲ್ ಜಾರಿಯಾಗುವ ಹೊತ್ತಿಗೆ ಅದು ಆಕ್ಟಿವ್ ಇಲ್ಲದಿದ್ದರೆ ಗೆದ್ದ ವೋಟೂ ವ್ಯರ್ಥ. ಪಾಸಾದ ಮೇಲೆ ಹಳೆಯ ಕ್ಲೈಂಟ್‌ಗೆ ಒಮ್ಮೆ ಅಪ್‌ಡೇಟ್ ಕೊಟ್ಟು ಹರ್ಮಿಸ್‌ನ ಕ್ಲಿಯರ್ ಪ್ಯಾಕೆಟ್ಸ್ ಕಮಾಂಡ್ ಓಡಿಸಿ, ಎಸ್ಕ್ರೋದಿಂದ ಹಣ ಕಳಿಸಿದವರಿಗೆ ಮರಳುತ್ತದೆ. ‘ಬ’ದಲ್ಲಿರುವ ‘ಅ’ದ ಕ್ಲೈಂಟ್ ಸ್ಟೇಟಸ್ ಈಗಲೇ ನೋಡಿ, ಅದೂ ಎಕ್ಸ್‌ಪೈರ್ ಆಗಿದ್ದರೆ ಅಲ್ಲೂ ಪ್ರೊಪೋಸಲ್ ಬೇಕು.

ಉತ್ತರ 3:
ಮರುಕಳಿಸದಿರಲು ಹರ್ಮಿಸ್ ಕಾನ್ಫಿಗ್‌ನ ಕ್ಲೈಂಟ್ಸ್ ಮೋಡ್‌ನಲ್ಲಿ ರಿಫ್ರೆಶ್ ಟ್ರೂ ಇರಲಿ. ಪ್ಯಾಕೆಟ್ ಇಲ್ಲದಾಗಲೂ ಅಪ್‌ಡೇಟ್ ಹೋಗುತ್ತದೆ. ಎರಡು ರಿಲೇಯರ್ ಇಡಿ, ಆದರೆ ಒಂದೇ ಕೀ ಬೇಡ. ಅಕೌಂಟ್ ಸೀಕ್ವೆನ್ಸ್ ಮಿಸ್‌ಮ್ಯಾಚ್ ಬಂದು ಎರಡೂ ತಡವರಿಸುತ್ತವೆ. ನೋಡ್ ಹಳೆಯ ಬ್ಲಾಕ್‌ಗಳನ್ನು ಬೇಗ ಪ್ರೂನ್ ಮಾಡಿದರೆ (ಅಳಿಸಿದರೆ) ಟ್ರಸ್ಟೆಡ್ ಹೈಟ್‌ನ ಹೆಡರ್ ಸಿಗದೆ ಅಪ್‌ಡೇಟೇ ಆಗದು, ಟ್ರಸ್ಟಿಂಗ್ ಪೀರಿಯಡ್‌ಗಿಂತ ಹೆಚ್ಚಿನದನ್ನು ಉಳಿಸಿಕೊಳ್ಳಿ. ಫೀ ವ್ಯಾಲೆಟ್ ಬ್ಯಾಲೆನ್ಸ್‌ಗೂ ಕೊನೆಯ ಅಪ್‌ಡೇಟ್ ಆಗಿ ಎಷ್ಟು ಹೊತ್ತಾಯಿತು ಎಂಬುದಕ್ಕೂ ಅಲರ್ಟ್ ಹಾಕಿ. ಆ ಅಲರ್ಟ್ ಓಡುವ ಸರ್ವರ್ ರಿಲೇಯರ್‌ನದ್ದೇ ಆಗಿರಬಾರದು.